ಮೊದಲ ಸಲ ವಾರ್ಡ್ ಪೋಸ್ಟಿಂಗ್‌ಗೆ ಹೋಗುವಾಗ ಏನೆಲ್ಲ ಇರುತ್ತೆ?

ಮುಂದಿನ ತಿಂಗಳು ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆ ವಾರ್ಡ್‌ನಲ್ಲಿ ಕೆಲಸ ಮಾಡ್ತಾ ಕಲಿಯೋದು) ಶುರು, ಇಂಜೆಕ್ಷನ್ ಮಾಡುವಾಗ ಕೈ ನಡುಗಿದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಬೆಳಗಾವಿಯಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವಳು. ಇಂಜೆಕ್ಷನ್ ಚಿಂತೆ ಈಗಲೇ ಬೇಡ, ಮೊದಲ ದಿನವೇ ಯಾರೂ ಕೈಗೆ ಸಿರಿಂಜ್ ಕೊಡೋದಿಲ್ಲ. ಶುರುವಿನಲ್ಲಿ ಬೆಡ್ ಹಾಸೋದು, ಮೈ ಒರೆಸೋದು, ಬೆಡ್‌ಪ್ಯಾನ್ ಕೊಡೋದು, ಜ್ವರ, ಪಲ್ಸ್, ಬಿಪಿ ನೋಡೋದು, ಇಷ್ಟೇ. ಇದಕ್ಕಾ ಫೀಸ್ ಕಟ್ಟಿದ್ದು ಅನಿಸುತ್ತೆ. ನನಗೂ ಅನಿಸಿತ್ತು.

ಹಾಗೆ ಅನಿಸಿದ್ದಕ್ಕೇ ಒಂದು ತಪ್ಪು ಮಾಡಿದೆ. ಮೆಡಿಕಲ್ ವಾರ್ಡ್‌ನಲ್ಲಿ ಹನ್ನೆರಡು ಬೆಡ್‌ಗಳ ವೈಟಲ್ಸ್, ಅಂದರೆ ಜ್ವರ, ಪಲ್ಸ್, ಬಿಪಿ, ಉಸಿರಿನ ಲೆಕ್ಕ, ಬರೆಯೋದಿತ್ತು. ಪಲ್ಸ್, ಬಿಪಿ ಸರಿಯಾಗೇ ನೋಡಿದೆ, ಉಸಿರು ಎಣಿಸೋಕೆ ಬೇಜಾರಾಗಿ ಎಲ್ಲರಿಗೂ ಸುಮ್ನೆ 20 ಅಂತ ಹಾಕಿಬಿಟ್ಟೆ. ಚಾರ್ಟ್ ನೋಡಿದ ಸಿಸ್ಟರ್ ಬೈಯಲಿಲ್ಲ. ಒಬ್ಬ ಅಜ್ಜಿಯ ಬೆಡ್ ಹತ್ತಿರ ಕರೆದುಕೊಂಡು ಹೋಗಿ, ಗಡಿಯಾರ ನೋಡ್ತಾ ಒಂದು ಪೂರ್ತಿ ನಿಮಿಷ ಎಣಿಸು ಅಂದರು. 34 ಬಂತು. ದೊಡ್ಡವರಿಗೆ 12ರಿಂದ 20 ಇರಬೇಕು. ಬೆಳಿಗ್ಗೆ ಇದೇ ಅಜ್ಜಿ ಎರಡು ಮಾತಿಗೊಮ್ಮೆ ನಿಂತು ನಿಂತು ಮಾತಾಡಿದ್ದಳು, ನಾನು ವಯಸ್ಸಾಗಿದೆ ಅಲ್ವಾ ಅಂದುಕೊಂಡಿದ್ದೆ. ಡಾಕ್ಟರ್ ಬಂದರು, ಆಕ್ಸಿಜನ್ ಹಚ್ಚಿದರು. ಒಂದು ಉಪಾಯ ಹೇಳುತ್ತೇನೆ: ಪಲ್ಸ್ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡಬೇಡಿ, ಹಾಗೇ ಹಿಡಿದುಕೊಂಡು ಎದೆ ಕಡೆ ನೋಡಿ ಉಸಿರು ಎಣಿಸಿ. ಎಣಿಸ್ತೀನಿ ಅಂತ ಹೇಳಿದರೆ ಅವರು ಉಸಿರಾಡುವ ರೀತಿಯೇ ಬದಲಾಗುತ್ತೆ.

ಭಾಷೆ ಇನ್ನೊಂದು ತಾಪತ್ರಯ. ಬೆಳಗಾವಿ ಕಡೆ ಪೋಸ್ಟಿಂಗ್ ಅಂದರೆ ಮರಾಠಿ ಮಾತ್ರ ಬರುವ ಪೇಶೆಂಟ್‌ಗಳು ಸಿಕ್ಕೇ ಸಿಗುತ್ತಾರೆ, ‘ಕುಠೆ ದುಖತಯ್’ (ಎಲ್ಲಿ ನೋಯ್ತಿದೆ) ಅಂತ ಕೇಳುವಷ್ಟಾದರೂ ಕಲಿತಿರಿ. ಹಳ್ಳಿಯವರು ‘ಎದಿ ಹಿಡದಂಗ ಆಗೈತಿ’ ಅಂದರೆ ಗ್ಯಾಸ್ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ, ತಕ್ಷಣ ಸಿಸ್ಟರ್‌ಗೆ ಹೇಳಿ.

ಸೂಜಿ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕೋಕೆ ಹೋಗಬೇಡಿ, ಸೀದಾ ಬಿಳಿ ಡಬ್ಬಿಗೆ ಹಾಕಿ. ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಕೂಡಲೇ ಹೇಳಿ. ಬೈತಾರೆ ಅಂತ ಎಷ್ಟೋ ಹುಡುಗಿಯರು ಮುಚ್ಚಿಡುತ್ತಾರೆ, ಆದರೆ ಎಚ್ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಬೈಸಿಕೊಂಡರೆ ಬೈಸಿಕೊಳ್ಳಿ.

ಬರೆಯೋ ಕೆಲಸ ಅಂತೂ ಸಿಕ್ಕಾಪಟ್ಟೆ. ಕೇಸ್ ಸ್ಟಡಿ, ಕೇರ್ ಪ್ಲಾನ್, ಡ್ರಗ್ ಬುಕ್. ಮಾಡಿದ ಪ್ರೊಸೀಜರ್‌ಗೆ ಅವತ್ತೇ ಸೈನ್ ಹಾಕಿಸಿಕೊಳ್ಳಿ, ತಿಂಗಳಾದ ಮೇಲೆ ಯಾರಿಗೂ ನಿಮ್ಮ ಮುಖ ನೆನಪಿರಲ್ಲ. ನಾಷ್ಟಾ ಬಿಡಬೇಡಿ, ಖಾಲಿ ಹೊಟ್ಟೆಯಲ್ಲಿ ಗಾಯದ ಡ್ರೆಸ್ಸಿಂಗ್ ನೋಡೋಕೆ ನಿಂತು ನಮ್ಮ ಬ್ಯಾಚ್‌ನಲ್ಲಿ ಇಬ್ಬರು ತಲೆ ತಿರುಗಿ ಬಿದ್ದಿದ್ದರು.

ಇನ್ನು ಕೈ ನಡುಗೋದು. ನನ್ನ ಮೊದಲ ಇಂಜೆಕ್ಷನ್ ದಿನ ಟೀಚರ್ ಪಕ್ಕದಲ್ಲೇ ನಿಂತಿದ್ದರೂ ಸಿರಿಂಜ್ ಹಿಡಿದ ಕೈ ತಾಳ ಹಾಕುತ್ತಿತ್ತು. ಪೇಶೆಂಟ್ ಕಾಕಾ ಒಮ್ಮೆ ತಿರುಗಿ ನೋಡಿದರು. ‘ಲಗೂನ ಚುಚ್ಚವಾ ತಂಗಿ, ನೀ ತಡಾ ಮಾಡಿದಷ್ಟು ನನಗ ಹೆದರಿಕಿ ಬರಾಕತ್ತೈತಿ’ ಅಂದರು. ಚುಚ್ಚಿದೆ.