ಕಂಪ್ಯೂಟರ್ ನಿಂತರೆ ಆಸ್ಪತ್ರೆ ನಡೆಯುವುದು ಹೇಗೆ?

ಪ್ರಶ್ನೆ: 2022ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿಯಾದಾಗ ಕೆಲಸವನ್ನೆಲ್ಲ ಕೈಬರಹದಲ್ಲಿ ನಡೆಸಿದರೆಂದು ಓದಿದ್ದೇನೆ. ಹಿಂದೆ ಎಲ್ಲ ಆಸ್ಪತ್ರೆಗಳೂ ಹಾಗೆಯೇ ನಡೆಯುತ್ತಿದ್ದವಲ್ಲವೇ? ಹಾಗಿದ್ದೂ ರೋಗಿಗಳಿಗೆ ಅಷ್ಟು ತೊಂದರೆಯಾದದ್ದೇಕೆ? ಅಂಥ ಸಮಯದಲ್ಲಿ ನಾವು ಏನು ಮಾಡಬಹುದು?
– ಓದುಗರೊಬ್ಬರು, ತಿಪಟೂರು

ಉತ್ತರ: ಹಿಂದೆ ಕಾಗದವೇ ವ್ಯವಸ್ಥೆಯಾಗಿತ್ತು. ಹಳೆಯ ಕಡತವನ್ನು ಹುಡುಕಿ ತರುವ ಗುಮಾಸ್ತರು, ವಿಭಾಗಕ್ಕೊಂದು ಅಚ್ಚಾದ ನಮೂನೆ, ವರದಿ ಹಿಡಿದು ಓಡಾಡುವ ಅಟೆಂಡರ್‌ಗಳು ಎಲ್ಲವೂ ಇದ್ದವು. ಕಂಪ್ಯೂಟರ್ ಬಂದ ಮೇಲೆ ಅವೆಲ್ಲ ಒಂದೊಂದಾಗಿ ಮರೆಯಾದವು. ಆದ್ದರಿಂದ ದಾಳಿಯಾದ ದಿನ ಸಿಬ್ಬಂದಿ ಹಳೆಯ ಪದ್ಧತಿಗೆ ಮರಳುವುದಿಲ್ಲ, ರೋಗಿಗಳ ಸಾಲು ಎದುರಿಗೆ ನಿಂತಿರುವಾಗಲೇ ಹೊಸದೊಂದನ್ನು ಕಟ್ಟಬೇಕಾಗುತ್ತದೆ.

ಏಮ್ಸ್‌ನಲ್ಲಿ ನವೆಂಬರ್ 23ರಂದು ಇ-ಹಾಸ್ಪಿಟಲ್ ಸರ್ವರ್ ಕೈಕೊಟ್ಟಾಗ ಹೊರರೋಗಿಗಳ ನೋಂದಣಿ, ಒಳರೋಗಿಗಳ ದಾಖಲಾತಿ, ಬಿಲ್ಲು, ಲ್ಯಾಬ್ ವರದಿ ಎಲ್ಲವೂ ಒಟ್ಟಿಗೇ ಸ್ಥಗಿತಗೊಂಡವು. ತುರ್ತಾದ ಮಾದರಿಗಳನ್ನು ಮಾತ್ರ ಭರ್ತಿ ಮಾಡಿದ ನಮೂನೆಯೊಂದಿಗೆ ಲ್ಯಾಬಿಗೆ ಕಳುಹಿಸಬೇಕು, ಜನನ ಮರಣ ಪ್ರಮಾಣಪತ್ರಗಳನ್ನೂ ಕೈಯಲ್ಲೇ ಬರೆಯಬೇಕು ಎಂಬ ಸೂಚನೆ ಹೊರಟಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಬೀಗ ಜಡಿದಿದ್ದರೆಂದೂ, ಒಂದು ಕಡೆಯ ತೊಂದರೆ ಇನ್ನೊಂದು ಕಡೆಗೆ ಹರಡದಂತೆ ಕಂಪ್ಯೂಟರ್ ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದುದೇ ಇದಕ್ಕೆ ಎಡೆಮಾಡಿಕೊಟ್ಟಿತೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿ ತಾಕದ ಬ್ಯಾಕಪ್ ಸರ್ವರ್ ಒಂದಿದ್ದುದರಿಂದ ಮಾಹಿತಿ ಮರಳಿ ಸಿಕ್ಕಿತು. ಆದರೂ ಕೈಬರಹದ ಕೆಲಸ ಸುಮಾರು ಎರಡು ವಾರ ನಡೆಯಿತು.

ಹೆಚ್ಚಿನ ಪೆಟ್ಟು ಬೀಳುವುದು ಲ್ಯಾಬಿಗೆ. ರಕ್ತದ ಟ್ಯೂಬಿನ ಮೇಲಿನ ಬಾರ್‌ಕೋಡನ್ನು ಯಂತ್ರ ಓದಿ, ಫಲಿತಾಂಶವನ್ನು ನೇರವಾಗಿ ವಾರ್ಡಿನ ಪರದೆಗೆ ಕಳುಹಿಸುವುದು ಎಂದಿನ ಕ್ರಮ. ಜಾಲ ನಿಂತ ದಿನ ಯಂತ್ರವೇನೋ ಪರೀಕ್ಷೆ ಮಾಡೀತು, ಆದರೆ ಅಂಕಿಗಳನ್ನು ಯಾರಾದರೂ ಚೀಟಿಗೆ ಇಳಿಸಬೇಕು. ಪೊಟ್ಯಾಸಿಯಂ 3.5 ಎಂಬುದು ಅವಸರದಲ್ಲಿ 5.3 ಆದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಫೋನಿನಲ್ಲಿ ಹೇಳಿದ ಅಂಕಿಯನ್ನು ಕೇಳಿದವರು ತಿರುಗಿ ಓದಿ ಹೇಳುವುದು, ಹೆಸರಿನ ಜೊತೆಗೆ ವಯಸ್ಸನ್ನೂ ಹಾಸಿಗೆ ಸಂಖ್ಯೆಯನ್ನೂ ಬರೆಯುವುದು, ಔಷಧ ಕೊಡುವ ಮುನ್ನ ಇಬ್ಬರು ನೋಡುವುದು ಇಂಥ ಕ್ರಮಗಳಿಗೆ ಸಿಬ್ಬಂದಿ ಮೊರೆಹೋಗುತ್ತಾರೆ. ನಿಧಾನವಾಗುವುದು ಇದರಿಂದಲೇ, ಮತ್ತು ಆ ನಿಧಾನ ಅಗತ್ಯವೆಂದೇ ನನ್ನ ಅಭಿಪ್ರಾಯ.

ಲ್ಯಾಬೊಂದೇ ನಿಂತರೂ ಎಷ್ಟು ತೊಂದರೆಯಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆಯಿದೆ. 2024ರ ಜೂನ್ 3ರಂದು ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ಮಾಡಿಕೊಡುವ ಸಿನೋವಿಸ್ ಸಂಸ್ಥೆಯ ಮೇಲೆ ದಾಳಿಯಾಯಿತು. ಆಸ್ಪತ್ರೆಗಳ ಕಂಪ್ಯೂಟರ್‌ಗಳ ಮೇಲೆ ನೇರ ದಾಳಿ ಆಗಿರಲಿಲ್ಲ ಎಂಬುದು ಗಮನಾರ್ಹ. ರೋಗಿಯ ರಕ್ತಕ್ಕೆ ದಾನಿಯ ರಕ್ತ ಹೊಂದುತ್ತದೆಯೇ ಎಂದು ಎಂದಿನ ವೇಗದಲ್ಲಿ ನೋಡಲಾಗದೆ, ಹೆಚ್ಚಿನವರಿಗೆ ಕೊಡಬಹುದಾದ ಓ ಗುಂಪಿನ ರಕ್ತವನ್ನೇ ಹೆಚ್ಚಾಗಿ ಬಳಸಬೇಕಾಯಿತು, ಓ ಗುಂಪಿನ ದಾನಿಗಳಿಗಾಗಿ ಸಾರ್ವಜನಿಕ ಮನವಿಯೂ ಹೊರಟಿತು. 10,000ಕ್ಕೂ ಹೆಚ್ಚು ಹೊರರೋಗಿ ಭೇಟಿಗಳು, 1,700ಕ್ಕೂ ಹೆಚ್ಚು ಪೂರ್ವನಿಗದಿತ ಚಿಕಿತ್ಸೆಗಳು ಮುಂದೂಡಲ್ಪಟ್ಟವು.

ನಿಮ್ಮ ಕೊನೆಯ ಪ್ರಶ್ನೆಗೆ ಬರುವುದಾದರೆ, ಡಿಸ್ಚಾರ್ಜ್ ಸಾರಾಂಶ, ಇತ್ತೀಚಿನ ವರದಿಗಳು, ಸೇವಿಸುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಗಳು ಇವಿಷ್ಟರ ಕಾಗದದ ಪ್ರತಿ ಮನೆಯಲ್ಲಿರಲಿ. ರಕ್ತದ ಗುಂಪನ್ನು ಬರೆದಿಟ್ಟರೂ ಆಸ್ಪತ್ರೆಯವರು ಮತ್ತೆ ಪರೀಕ್ಷಿಸಿಯೇ ರಕ್ತ ಕೊಡುತ್ತಾರೆ, ಅದಕ್ಕೆ ಬೇಸರಿಸಬೇಡಿ. ಒಬ್ಬರಾದ ಮೇಲೊಬ್ಬರು ಬಂದು ಹೆಸರು, ವಯಸ್ಸು ಕೇಳಿದರೆ ಪ್ರತಿ ಸಲವೂ ಪೂರ್ತಿಯಾಗಿ ಹೇಳಿ.