4×4 ಚೌಕದಲ್ಲಿ ಒಟ್ಟು ಚೌಕ 21 ಅಲ್ವಾ, 30 ಹೇಗೆ? ಇದಕ್ಕೆ ಯಾವ ಸೂತ್ರ ಬಾಯಿಪಾಠ ಮಾಡಬೇಕು?

ನಿಮ್ಮ 21 ನೋಡಿ ನಗು ಬಂತು, ತಪ್ಪು ತಿಳಿಯಬೇಡಿ. ನಾನು ಬರೆದದ್ದೂ ಅದೇ.

ಸರ್ಕಾರಿ ಕೆಲಸದ ಪರೀಕ್ಷೆಗೆ ಅಂತ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದೆ. ಇದೇ ಚಿತ್ರ ಬಂತು. ಸಣ್ಣವು 16, ಎರಡು ಮನೆ ಅಗಲದ್ದು 4, ಹೊರಗಿನದು 1. ಆಯ್ಕೆಗಳಲ್ಲಿ 21 ಇತ್ತು ಬೇರೆ! ಪ್ರಶ್ನೆ ತೆಗೆಯುವವರಿಗೆ ನಮ್ಮಂಥವರ ಪರಿಚಯ ಚೆನ್ನಾಗಿರುತ್ತದೆ. ತಪ್ಪಿಗೆ ಕಾಲು ಅಂಕ ಕಡಿತ, ಕಟ್‌ಆಫ್ ಕೂದಲೆಳೆಯಲ್ಲಿ ಹೋಯ್ತು.

ಯಾಕೆ ಹಾಗಾಯ್ತು ಅಂದ್ರೆ, ನಾವು ತೋಟದ ಹಿಸೆ ನೋಡಿ ಬೆಳೆದವರು. ಅಣ್ಣನ ಪಾಲಿಗೆ ಹೋದ ಅಡಿಕೆ ಮರ ತಮ್ಮನ ಪಾಲಿಗೆ ಬರೋದಿಲ್ಲ. ಮೊದಲ 2×2 ಚೌಕ 1 ಮತ್ತು 2ನೇ ಕಂಬಸಾಲು ಹಿಡಿದರೆ ಮುಂದಿನದು 3ರಿಂದಲೇ ಶುರು ಅಂದುಕೊಂಡೆ. 2ರಿಂದಲೂ ಶುರುವಾಗಬಹುದು, ಅದು ಬೇರೆಯೇ ಚೌಕ ಅನ್ನೋದು ಹೊಳೆಯಲಿಲ್ಲ. ಅಲ್ಲಿಗೆ 5 ಹೋಯ್ತು. 3×3 ಚೌಕವಂತೂ ಪಾಲು ಮಾಡಿದರೆ ಒಂದು ಸಾಲು ಉಳಿಯುತ್ತದೆ, ಹಾಗಾಗಿ ಅದು ಇಲ್ಲವೇ ಇಲ್ಲ ಅಂತ ಬಿಟ್ಟೆ. ಅಲ್ಲಿ 4. ಬಿಟ್ಟಿದ್ದು 9, ಬರೆದಿದ್ದು 21.

ಒಂದೇ ಮನೆಯನ್ನ ಎರಡು ಸಲ ಎಣಿಸಬಹುದಾ ಅಂತ ನಿಮಗೆ ಅನ್ನಿಸಬಹುದು. ಎಣಿಸೋದು ಮನೆಯನ್ನಲ್ಲ ಮಾರಾಯ್ರೆ, ಚೌಕವನ್ನ. ಎಡ ಮೇಲಿನ ಮೂಲೆ ಬೇರೆ ಅಂದ್ರೆ ಚೌಕ ಬೇರೆ. 2×2ರ ಆ ಮೂಲೆ ಕೂರೋಕೆ 3 ಸಾಲು, 3 ಕಂಬಸಾಲು, ಅಂದ್ರೆ 9 ಜಾಗ. 3×3ಕ್ಕೆ 4. 16+9+4+1, 30.

ಸೂತ್ರ ಬಾಯಿಪಾಠ ಮಾಡಲೇಬೇಡಿ. n(n+1)(2n+1)/6 (n ಅಂದ್ರೆ ಒಂದು ಬದಿಯ ಮನೆಗಳು) ಸರಿಯೇ, ಆದರೆ ಅಚ್ಚುಕಟ್ಟಾದ ಚೌಕಕ್ಕೆ ಮಾತ್ರ. ಮೊಬೈಲಿನಲ್ಲಿ ಓಡಾಡುವ ಆ ಇನ್ನೊಂದು ಚಿತ್ರ ನೋಡಿರಬಹುದು: ಇದೇ 4×4, ಒಳಗೆ ಗೆರೆಗಳು ಕೂಡುವ ಎರಡು ಕಡೆ ಒಂದೊಂದು ಮನೆಯಷ್ಟೇ ದೊಡ್ಡ ಚೌಕ ಹೆಚ್ಚುವರಿ. ಗೆರೆ ಹಾದು ಪ್ರತಿಯೊಂದೂ ನಾಲ್ಕು ತುಂಡಾಗುತ್ತದೆ, ತಲಾ 5 ಸೇರಿ 40. ಸೂತ್ರ ನಂಬಿದವರು 30ಕ್ಕೇ ನಿಂತಿರುತ್ತಾರೆ.

ನಮ್ಮ ಆಯಿ ಇನ್ನೂ ತಲೆ ಕೆಡಿಸಿದಳು. ರಂಗೋಲಿಗೆ 5 ಸಾಲು, 5 ಚುಕ್ಕಿ ಇಟ್ಟು, ಓರೆಯಾಗಿ ಸೇರಿಸಿದರೂ ಚೌಕ ಬರ್ತದಲ್ಲ, ಅದನ್ನ ಬಿಟ್ಟೆ ಏನೋ ಅಂದಳು. ಹೌದು, ಚುಕ್ಕಿಗಳ ಮೇಲೆ ಎಣಿಸಿದರೆ ಓರೆಯವು 20, ಒಟ್ಟು 50. ಪರೀಕ್ಷೆಯ ಚಿತ್ರದಲ್ಲಿ ಗೆರೆ ಎಳೆದಿರುತ್ತದೆ, ಅಲ್ಲಿ ಇವು ಬೇಡ.

ಚದುರಂಗದ ಮಣೆ ಇಟ್ಟುಕೊಂಡು ಮೂಲೆ ಲೆಕ್ಕದಲ್ಲಿ 204 ಬರುತ್ತಾ ನೋಡಿ. ಬಂದಮೇಲೆ ಆಯತದ ಪ್ರಶ್ನೆಗೆ ಹೋಗಿ. ಅಲ್ಲಿ ಅದೇ ಮಣೆಗೆ 1296, ಯಾಕೆಂದರೆ 9 ಅಡ್ಡಗೆರೆಯಲ್ಲಿ ಯಾವುದಾದರೂ ಎರಡು, 9 ಉದ್ದಗೆರೆಯಲ್ಲಿ ಯಾವುದಾದರೂ ಎರಡು ಆರಿಸಬೇಕು; ಒಂದೊಂದಕ್ಕೂ 36 ದಾರಿ, 36 ಗುಣಿಸು 36.