ಟೀಮ್ ಎರಡಾಗುತ್ತಿದೆ, ಅರ್ಧ ಜನ ಆಫೀಸಿನಲ್ಲಿ, ಅರ್ಧ ಜನ ಊರಿನಲ್ಲಿ: ವರ್ಷಾಂತ್ಯದ ಪಾರ್ಟಿ ಹೇಗೆ ಮಾಡೋದು?

ಜನವರಿಯಿಂದ ಟೀಮ್ ಎರಡಾಗುತ್ತೆ, ಎಲ್ಲರ ಮೂಡ್ ಸರಿಮಾಡೋ ಹಾಗೆ ಆಫೀಸಿನವರು ರೂಮಿನಲ್ಲಿ, ಊರಿನವರು ವಿಡಿಯೋ ಕಾಲಿನಲ್ಲಿ ಸೇರೋ ಒಂದು ಹೈಬ್ರಿಡ್ ಪಾರ್ಟಿ ಮಾಡಬೇಕು, ಯಾವ ಆಟ ಇಡಲಿ, ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿ ಇರೋರನ್ನೂ ಕರೀಬೇಕಾ ಅಂತ ಕೇಳಿದ್ದೀರಿ. ಆಟದ ಮಾತು ಆಮೇಲೆ. ಟೀಮಿಗೆ ಸುದ್ದಿ ಹೇಳಿ ಆಗಿದೆಯಾ? ನಿಮ್ಮ ಪ್ರಶ್ನೆಯಲ್ಲಿ ಅದರ ಸುಳಿವೇ ಇಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

2022ರ ಡಿಸೆಂಬರ್. ಬೆಂಗಳೂರು ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮ್ ನೋಡಿಕೊಳ್ತಿದ್ದೆ. ಕೋವಿಡ್‌ನಲ್ಲಿ ಊರಿಗೆ ಹೋದ ಬಹಳಷ್ಟು ಜನ ಅಲ್ಲೇ ಉಳಿದಿದ್ದರು. ಹುಬ್ಬಳ್ಳಿ-ಧಾರವಾಡದ್ದೇ ಒಂದು ಗುಂಪು, ಮಂಗಳೂರು-ಪುತ್ತೂರು ಕಡೆಯವರು ಕೆಲವರು, ಶಿವಮೊಗ್ಗದಲ್ಲಿ ಒಬ್ಬರು. ನಾವು ವರ್ಷಗಟ್ಟಲೆ ಟೆಸ್ಟ್ ಮಾಡಿದ್ದ ಪ್ರಾಡಕ್ಟನ್ನೇ ಕ್ಲೈಂಟ್ ನಿಲ್ಲಿಸೋದಕ್ಕೆ ಹೊರಟಿದ್ದ. ಅರ್ಧ ಜನ ಬೇರೆ ವರ್ಟಿಕಲ್‌ಗೆ, ಅಂದ್ರೆ ಕಂಪನಿಯ ಬೇರೆ ವಿಭಾಗಕ್ಕೆ, ಉಳಿದವರು ಬೆಂಚಿಗೆ. ಬೆಂಚ್ ಅಂದ್ರೆ ಪ್ರಾಜೆಕ್ಟ್ ಇಲ್ಲದೆ ಕಾಯ್ತಾ ಕೂರೋದು, ಅದರ ಭಯ ಏನು ಅಂತ ಈ ಊರಿನಲ್ಲಿ ಕೆಲಸ ಮಾಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ಗೊತ್ತಿದ್ದದ್ದು ನಮ್ಮಂಥ ಮೂರ್ನಾಲ್ಕು ಜನಕ್ಕೆ. ಮೇಲಿನವರು ಹೇಳಿದ್ದು ಇಷ್ಟು: "ಶುಕ್ರವಾರ ಪಾರ್ಟಿ ಮುಗೀಲಿ, ಸೋಮವಾರ ಹೇಳೋಣ. ಪಾಪ, ಖುಷಿಯಾಗಿ ವರ್ಷ ಮುಗಿಸಲಿ." ಪಾರ್ಟಿ ದುಡ್ಡು ಡಿಸೆಂಬರ್ 31ರೊಳಗೆ ಖರ್ಚಾಗದಿದ್ರೆ ವಾಪಸ್ ಹೋಗ್ತಿತ್ತು. ನಾನು ಆಯ್ತು ಅಂದೆ. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಕೆಟ್ಟ ಸುದ್ದಿಗೆ ಮುಂಚೆ ಒಂದು ಒಳ್ಳೆ ಮಧ್ಯಾಹ್ನ ಸಿಗಲಿ ಅಂತಲೇ ನನಗೂ ಅನ್ನಿಸಿತ್ತು.

ಪಾರ್ಟಿ ಕಾನ್ಫರೆನ್ಸ್ ರೂಮಿನಲ್ಲಿ. ಗೋಡೆಗೆ ದೊಡ್ಡ ಟಿವಿ, ಮೇಜಿನ ನಡುವೆ ಒಂದೇ ಮೈಕ್. ಅದರ ಪಕ್ಕದಲ್ಲೇ ಯಾರೋ ಚಿಪ್ಸ್ ತಟ್ಟೆ ಇಟ್ಟಿದ್ದರು. ಊರಿನಲ್ಲಿ ಕೂತವರಿಗೆ ನಮ್ಮ ಮಾತಿಗಿಂತ ಆ ಪರಪರ ಸದ್ದೇ ಜೋರಾಗಿ ಕೇಳ್ತಿತ್ತು. ಅವರ ಸ್ಕ್ರೀನಿನಲ್ಲಿ ಇಡೀ ರೂಮು ಒಂದು ಚೌಕ, ಯಾರ ಮುಖವೂ ಗುರುತು ಸಿಗದಷ್ಟು ಚಿಕ್ಕದು. ಇಲ್ಲಿ ಬಿರಿಯಾನಿ, ಕೇಕು. ಅವರಿಗೆ ಫುಡ್ ಆ್ಯಪಿನ ವೋಚರು. ಪುತ್ತೂರಿನಿಂದ ಒಳಗೆ ಹಳ್ಳಿಯಲ್ಲಿದ್ದ ಹುಡುಗಿಯ ಮನೆಗೆ ಆ ಆ್ಯಪಿನ ಡೆಲಿವರಿಯೇ ಇಲ್ಲ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಂತ್ಯಾಕ್ಷರಿ ಶುರುವಾಯ್ತು. ಅದೇ ಹುಡುಗಿ ಚೆನ್ನಾಗಿ ಹಾಡ್ತಾಳೆ. ಆದರೆ ಮೀಟಿಂಗ್ ಆ್ಯಪ್‌ಗಳಲ್ಲಿ ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಗದ್ದಲ ಅಂತ ಅಳಿಸೋ ಸೌಲಭ್ಯ ಇರುತ್ತೆ. ಅದು ರಾಗ ಎಳೆದಲ್ಲೆಲ್ಲ ಅವಳ ದನಿಯನ್ನ ನುಂಗಿಬಿಡ್ತು. ನಮಗೆ ಕೇಳಿಸಿದ್ದು ತುಂಡು ತುಂಡು ಹಾಡು. ರೂಮಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಅವಳು "ಏನಾಯ್ತು? ಏನಂದ್ರಿ?" ಅಂತ ಎರಡು ಸಲ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅವಳ ಕ್ಯಾಮೆರಾ ಆಫ್ ಆಯ್ತು.

ಇಷ್ಟೇ ಆಗಿದ್ರೆ ಕೆಟ್ಟ ಪಾರ್ಟಿ ಅಂತ ಮರೀಬಹುದಿತ್ತು.

ಡಿಸೆಂಬರ್ ಅಂದ್ರೆ ಎಲ್ಲರೂ ರಜೆ ಪೋರ್ಟಲ್ ತೆಗೆಯೋ ತಿಂಗಳು. ಉಳಿದ ರಜೆ ಲ್ಯಾಪ್ಸ್ ಆಗುತ್ತಲ್ಲ. ಹುಬ್ಬಳ್ಳಿಯ ಒಬ್ಬ ಹುಡುಗ, ಇತ್ತ ನಾವು ಕೇಕ್ ಕತ್ತರಿಸ್ತಿದ್ದಾಗ, ಅತ್ತ ಸುಮ್ಮನೆ ಕೂರೋ ಬದಲು ರಜೆ ಹಾಕೋಣ ಅಂತ ಪೋರ್ಟಲ್ ತೆಗೆದಿದ್ದಾನೆ. ಮ್ಯಾನೇಜರ್ ಹೆಸರಿನ ಜಾಗದಲ್ಲಿ ನನ್ನ ಹೆಸರಿಲ್ಲ, ಯಾರೋ ಗೊತ್ತಿಲ್ಲದವರ ಹೆಸರು. ಸೋಮವಾರಕ್ಕೆ ರೆಡಿ ಇರಲಿ ಅಂತ ಎಚ್ಆರ್‌ನವರು ಶುಕ್ರವಾರ ಬೆಳಿಗ್ಗೆಯೇ ಸಿಸ್ಟಮ್ ಬದಲಾಯಿಸಿದ್ದರು. ಅವನು ಸ್ಕ್ರೀನ್‌ಶಾಟ್ ತೆಗೆದು ಊರಿನಲ್ಲಿರೋರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಒಬ್ಬೊಬ್ಬರೇ ತಮ್ಮ ತಮ್ಮ ಪೋರ್ಟಲ್ ನೋಡಿಕೊಂಡರು. ಕೆಲವರಿಗೆ ಹೊಸ ಹೆಸರು, ಕೆಲವರಿಗೆ ಬೆಂಚ್ ನೋಡಿಕೊಳ್ಳೋ ವಿಭಾಗದ ಹೆಸರು. ಟಿವಿಯಲ್ಲಿ ಕ್ಯಾಮೆರಾಗಳು ಒಂದೊಂದಾಗಿ ಆರಿಹೋದವು. ನೆಟ್ ಕೈಕೊಟ್ಟಿರಬೇಕು ಅಂತ ನಾವು ಅಂತ್ಯಾಕ್ಷರಿ ಮುಂದುವರಿಸಿದೆವು.

ಸಂಜೆ ಧಾರವಾಡದಿಂದ ಫೋನ್. ಟೀಮಿನಲ್ಲಿ ನನಗಿಂತ ಹಳಬರು, ಎಲ್ಲರೂ ಅಕ್ಕಾರ ಅಂತಲೇ ಕರೀತಿದ್ದದ್ದು. ಬೈಯಲಿಲ್ಲ, ಅಳಲೂ ಇಲ್ಲ. "ನಿಮಗ ಗೊತ್ತಿತ್ತಲ್ರಿ ಸರ್? ಗೊತ್ತಿದ್ದೂ ಅಂತ್ಯಾಕ್ಷರಿ ಆಡಿಸಿದ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ತಪ್ಪಿನ ಒಳಗನ್ನ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಹೊರಗಿನಿಂದ ನೋಡಿದವರು "ಎಚ್ಆರ್‌ನವರು ಪೋರ್ಟಲ್ ಬದಲಾಯಿಸಿದ್ದೇ ತಪ್ಪು" ಅಂತಾರೆ. ಅಲ್ಲ. ಪೋರ್ಟಲ್ ಬದಲಾಗದೇ ಇದ್ದಿದ್ರೆ ಸೋಮವಾರ ಗೊತ್ತಾಗ್ತಿತ್ತು, ಅಷ್ಟೇ. ಗೊತ್ತಾದ ಕೂಡಲೇ ಜನ ಹಿಂದಕ್ಕೆ ಲೆಕ್ಕ ಹಾಕ್ತಾರೆ. ಶುಕ್ರವಾರ ಇವನು ನಗ್ತಿದ್ದನಲ್ಲ, ಆಗ ಗೊತ್ತಿತ್ತಾ? ಗುರುವಾರ ನನ್ನ ಜೊತೆ ಜನವರಿ ಪ್ಲಾನ್ ಮಾತಾಡಿದನಲ್ಲ, ಆಗ? ದೀಪಾವಳಿಯಲ್ಲಿ? ಇನ್ನೂ ಕೆಟ್ಟದ್ದು ಅಂದ್ರೆ, ಆ ದಿನ ಕೊಟ್ಟ ಸ್ಟಾರ್ ಅವಾರ್ಡುಗಳು. ಮುಂದಿನ ವರ್ಟಿಕಲ್‌ಗೆ ಹೋಗೋರನ್ನೂ ಅವಾರ್ಡ್ ಪಡೆಯೋರನ್ನೂ ಆರಿಸಿದ್ದು ಒಂದೇ ರೇಟಿಂಗ್ ಪಟ್ಟಿ ನೋಡಿ. ಹಾಗಾಗಿ ಅವಾರ್ಡ್ ಬಂದವರೆಲ್ಲ ಕಂಪನಿ ಉಳಿಸಿಕೊಂಡವರು, ಬರದವರೆಲ್ಲ ಬೆಂಚಿನವರು. ನಾವು ಬೇಕಂತ ಮಾಡಿದ್ದಲ್ಲ. ಆದ್ರೂ ಜನರ ಕಣ್ಣಿಗೆ ಅದು ಚಪ್ಪಾಳೆ ಹೊಡೆಸಿ ಮಾಡಿದ ವಿಂಗಡಣೆಯಾಗಿ ಕಂಡಿತು. ಬೆಂಚಿಗೆ ಹೋದವರು ಬಿಟ್ಟುಹೋದರು, ಅದು ನಿರೀಕ್ಷೆಯಲ್ಲಿತ್ತು. ಉಳಿಸಿಕೊಂಡ ಅಕ್ಕಾರ ಕೂಡ ಮೊದಲ ತಿಂಗಳಲ್ಲೇ ರಾಜೀನಾಮೆ ಕೊಟ್ಟರು. ಕಂಪನಿಗೆ ಬಿದ್ದ ನಿಜವಾದ ಪೆಟ್ಟು ಅದು. ನನಗೂ ಅದೇ.

ನಮ್ಮ ಕಡೆ ಮನೆ ಪಾಲಾಗುವಾಗ ಹಿರಿಯರು ಮೊದಲು ನಾಲ್ಕು ಜನರ ಮುಂದೆ ಯಾರಿಗೆ ಯಾವ ಹೊಲ ಅಂತ ಹೇಳಿ ಮುಗಿಸ್ತಾರೆ, ಆಮೇಲೆ ಅಣ್ಣತಮ್ಮಂದಿರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ತಾರೆ. ಆ ಕ್ರಮವನ್ನ ನಾನು ತಿರುವುಮುರುವು ಮಾಡಿದ್ದೆ.

ಹಾಗಾಗಿ ಮೂಡ್ ಸರಿಮಾಡಬೇಕು ಅನ್ನೋ ನಿಮ್ಮ ಯೋಚನೆಯನ್ನೇ ನಾನು ಒಪ್ಪಲ್ಲ. ಅವರ ಮೂಡ್ ಕೆಟ್ಟಿಲ್ಲ, ಅವರಿಗೆ ಭಯ ಆಗಿದೆ. ಅದಕ್ಕೆ ಆಟ ಮದ್ದಲ್ಲ, ಉತ್ತರ ಮದ್ದು. ಪಾರ್ಟಿಗೆ ಕಡೇ ಪಕ್ಷ ಹತ್ತು ದಿನ ಮುಂಚೆ ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡಿ. ಎಲ್ಲರ ಜೊತೆಗೂ ಒಂದೇ ದಿನದಲ್ಲಿ ಮಾತು ಮುಗಿಸಿ, ಇಲ್ಲದಿದ್ರೆ ಮಧ್ಯಾಹ್ನದವನಿಗೆ ಬೆಳಿಗ್ಗೆಯವನಿಂದಲೇ ಸುದ್ದಿ ಹೋಗಿರುತ್ತೆ. ಅವರು ಕೇಳೋದು ಕಂಪನಿಯ ಹೊಸ ದಿಕ್ಕಿನ ಬಗ್ಗೆ ಅಲ್ಲ. ನನ್ನ ಈ ವರ್ಷದ ಅಪ್ರೈಸಲ್ ಯಾರು ಬರೀತಾರೆ? ಊರಿನಿಂದ ಕೆಲಸ ಮಾಡೋದು ಮುಂದುವರಿಯುತ್ತಾ, ಇಲ್ಲ ಬೆಂಗಳೂರಿಗೆ ಬಂದು ಮನೆ ಹುಡುಕಬೇಕಾ? ಮಗು ಸ್ಕೂಲ್ ಅಡ್ಮಿಷನ್ ಈಗಲೇ ಮಾಡಿಸಬೇಕಾ? ಇವುಗಳಿಗೆ ಉತ್ತರ ಬರೆದಿಟ್ಟುಕೊಂಡು ಕೂರಿ. ಉತ್ತರ ಇನ್ನೂ ತೀರ್ಮಾನ ಆಗಿಲ್ಲ ಅಂದ್ರೆ ಯಾವತ್ತು ಆಗುತ್ತೆ ಅಂತ ತಾರೀಖು ಹೇಳಿ. ಪೋರ್ಟಲಿನಲ್ಲಿ ಹೆಸರು ಯಾವಾಗ ಬದಲಾಗುತ್ತೆ ಅಂತ ಎಚ್ಆರ್‌ಗೆ ಇವತ್ತೇ ಕೇಳಿ.

2023ರಲ್ಲಿ ಬೇರೆ ಟೀಮು, ಮತ್ತೆ ಅದೇ ಪರಿಸ್ಥಿತಿ. ಈ ಸಲ ಸುದ್ದಿ ನವೆಂಬರ್ ಕೊನೆಯಲ್ಲೇ ಹೇಳಿಸಿದೆ, ಸಾಕಷ್ಟು ಜಗಳ ಆಡಿಯೇ ಹೇಳಿಸಿದೆ. ಎಚ್ಆರ್‌ನಲ್ಲಿದ್ದ ಗೆಳತಿಯೊಬ್ಬರು ಆಗ ಒಂದು ವಿಷಯ ಹೇಳಿದರು. ಬ್ರೂಸ್ ಟಕ್ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1965ರಲ್ಲಿ ಒಂದು ತಂಡ ಕೂಡೋದು, ಕಿತ್ತಾಡೋದು, ಹೊಂದಿಕೊಳ್ಳೋದು, ಕೆಲಸ ತೋರಿಸೋದು ಅಂತ ನಾಲ್ಕು ಹಂತ ಗುರುತಿಸಿದ್ದರಂತೆ. 1977ರಲ್ಲಿ ಮೇರಿ ಆನ್ ಜೆನ್ಸೆನ್ ಜೊತೆ ಸೇರಿ ಐದನೆಯದನ್ನ ಸೇರಿಸಿದರು, ತಂಡ ಚದುರೋದು. ಅದೂ ಒಂದು ಹಂತವೇ, ಅದಕ್ಕೂ ಜಾಗ ಕೊಡಬೇಕು. ಇದನ್ನ ಕೇಳಿದ ಮೇಲೆ ಇನ್ವೈಟ್‌ನಲ್ಲಿ ವರ್ಷಾಂತ್ಯದ ಪಾರ್ಟಿ ಅನ್ನೋದನ್ನ ತೆಗೆದು "ನಮ್ಮ ಟೀಮಿನ ಬೀಳ್ಕೊಡುಗೆ ಊಟ" ಅಂತ ಬರೆದೆ. ಮೇಲಿನವರಿಗೆ ಇಷ್ಟ ಆಗಲಿಲ್ಲ. ಟೀಮಿನವರಲ್ಲಿ ಬರಲ್ಲ ಅಂದವರು ಒಬ್ಬರೂ ಇರಲಿಲ್ಲ.

ಹೈಬ್ರಿಡ್ ಅನ್ನೋದನ್ನೂ ಬಿಟ್ಟೆ. ನೀವೂ ಬಿಡಿ. ಒಂದು ರೂಮು, ಒಂದು ಟಿವಿ, ಟಿವಿಯೊಳಗೆ ಉಳಿದವರು ಅನ್ನೋ ಏರ್ಪಾಡಿನಲ್ಲಿ ಅರ್ಧ ಜನ ಉಣ್ತಾರೆ, ಅರ್ಧ ಜನ ನೋಡ್ತಾರೆ. ಬೆಂಗಳೂರಿನವರಿಗೆ ಇಲ್ಲೇ ಒಂದು ಮಧ್ಯಾಹ್ನದ ಊಟ, ಹುಬ್ಬಳ್ಳಿ ಕಡೆಯವರಿಗೆ ಅಲ್ಲೇ ಒಂದು ಖಾನಾವಳಿಯಲ್ಲಿ ಊಟ, ತಲೆಗೆ ಇಷ್ಟು ಅಂತ ಎರಡೂ ಕಡೆ ಒಂದೇ ಬಜೆಟ್ಟು. ನಾನು ಹುಬ್ಬಳ್ಳಿಗೆ ಹೋದೆ. ಆ ವರ್ಷದ ಜೂನ್‌ನಲ್ಲಿ ಧಾರವಾಡದ ವಂದೇ ಭಾರತ್ ಶುರುವಾಗಿತ್ತು, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಹತ್ತಿದ್ರೆ ಊಟಕ್ಕೆ ಮುಂಚೆಯೇ ಹುಬ್ಬಳ್ಳಿ. ಮ್ಯಾನೇಜರ್ ಆದವರು ಜನ ಕಡಿಮೆ ಇರೋ ಕಡೆಗೇ ಹೋಗಬೇಕು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉಣ್ಣುವಾಗ ಜನ ಬಾಯಿಬಿಟ್ಟು ಮಾತಾಡಿದರು, ಹೊಸ ಮ್ಯಾನೇಜರ್ ಬಗ್ಗೆ ಇದ್ದ ಅನುಮಾನವನ್ನೂ ಹೇಳಿಕೊಂಡರು.

ಎಲ್ಲರೂ ಸೇರೋದಕ್ಕೆ ಬೇರೆ ದಿನ, ಮುಕ್ಕಾಲು ಗಂಟೆಯ ಕಾಲ್. ಆಫೀಸಿನಲ್ಲಿರೋರೂ ಅವರವರ ಡೆಸ್ಕಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವರವರ ಲ್ಯಾಪ್‌ಟಾಪಿನಿಂದಲೇ ಬರಬೇಕು ಅಂತ ಹಟ ಹಿಡಿದೆ. ಆಗ ಎಲ್ಲರ ಮುಖವೂ ಒಂದೇ ಅಳತೆ. ಆಟ ಇಲ್ಲ, ಅವಾರ್ಡ್ ಇಲ್ಲ. ಈ ಟೀಮಿನಲ್ಲಿ ಯಾರು ನನಗೆ ಯಾವ ದಿನ ಕೈಹಿಡಿದರು ಅಂತ ಒಬ್ಬೊಬ್ಬರು ಹೇಳಬೇಕು, ಇಷ್ಟ ಇಲ್ಲದವರು ಸುಮ್ಮನಿರಬಹುದು. ಮಧ್ಯರಾತ್ರಿ ರಿಲೀಸ್ ಫೇಲ್ ಆದಾಗ ಆಸ್ಪತ್ರೆಯಿಂದಲೇ ಲಾಗಿನ್ ಆಗಿ ಲಾಗ್ ನೋಡಿಕೊಟ್ಟ ಹುಡುಗನ ಹೆಸರನ್ನ ಮೂರು ಜನ ಬೇರೆ ಬೇರೆಯಾಗಿ ತೆಗೆದುಕೊಂಡರು. ಅವನಿಗೆ ಗಂಟಲು ಕಟ್ಟಿಹೋಯ್ತು. ಹಿಂದಿನ ಎರಡು ವರ್ಷದಲ್ಲಿ ಬಿಟ್ಟುಹೋಗಿದ್ದವರ ಹೆಸರುಗಳೂ ಬಂದವು. ಹೊಸ ಮ್ಯಾನೇಜರ್ ಕೊನೆಗೆ ಬಂದು ನಮಸ್ಕಾರ ಹೇಳಿದರು, ಭಾಷಣ ಬೇಡ ಅಂತ ಮೊದಲೇ ಕೇಳಿಕೊಂಡಿದ್ದೆ.

ದಿನದ ವಿಷಯ. ಡಿಸೆಂಬರ್ 15ರೊಳಗೆ ಮುಗಿಸಿ. ಆಮೇಲೆ ಧನುರ್ಮಾಸ, ಕ್ರಿಸ್‌ಮಸ್ ರಜೆ, ಅರ್ಧ ಟೀಮ್ ಲೀವ್. ಅಯ್ಯಪ್ಪ ಮಾಲೆ ಹಾಕಿದವರು ಇರ್ತಾರೆ, ಬಿರಿಯಾನಿಯನ್ನೇ ನಂಬಿಕೊಂಡು ಹೋಟೆಲ್ ಬುಕ್ ಮಾಡಬೇಡಿ. ಸಂಜೆ ಇಟ್ಟರೆ ಔಟರ್ ರಿಂಗ್ ರೋಡ್ ದಾಟೋದೇ ಒಂದು ಕೆಲಸ, ಮಧ್ಯಾಹ್ನವೇ ವಾಸಿ. ಕ್ಲೈಂಟ್‌ನವರನ್ನ ಸೇರಿಸೋ ಆಸೆಯೂ ಬೇಡ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಅವರಿಗೆ ಬೆಳಿಗ್ಗೆ 8 ಅಂದ್ರೆ ನಮಗೆ ಸಂಜೆ 6:30. ಒಂಟಿಯಾಗಿ ದೂರ ಇರೋರಿಗೆ ವೋಚರ್ ಬದಲು ಏನಾದ್ರೂ ತಿನ್ನೋ ವಸ್ತು ಕಳಿಸಿ. ಕೊರಿಯರ್ ತಡ ಅನ್ನಿಸಿದ್ರೆ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆ ಇದೆ. ಬಸ್‌ಸ್ಟ್ಯಾಂಡಿಗೆ ಹೋಗಿ ತಗೊಳ್ಳೋಕೆ ಅವರಿಗೆ ಆಗುತ್ತಾ ಅಂತ ಕೇಳಿಕೊಂಡು ಕಳಿಸಿ. ವೋಚರ್ ಕೊಡಲೇಬೇಕು ಅಂದ್ರೆ ಮೊದಲು ಅಕೌಂಟ್ಸ್‌ನವರನ್ನ ಕೇಳಿ. ನಾವು ಮಾಡಿದಾಗ ಇಡೀ ಹಣಕಾಸು ವರ್ಷಕ್ಕೆ ಸೇರಿ 5,000 ರೂಪಾಯಿಗಿಂತ ಕಡಿಮೆ ಇದ್ರೆ ಮಾತ್ರ ನೌಕರರಿಗೆ ತೆರಿಗೆ ಬೀಳ್ತಿರಲಿಲ್ಲ, ಅದರಲ್ಲಿ ದೀಪಾವಳಿ ವೋಚರೂ ಸೇರಿಹೋಗಿತ್ತು.

ನೋಟಿಸ್ ಪೀರಿಯಡ್‌ನಲ್ಲಿ ಇರೋರನ್ನ ಕರೀರಿ. ಮೊದಲು ಅವರನ್ನೇ ಕರೀರಿ, ಅದೂ ಫೋನ್ ಮಾಡಿ. ಕೊನೇ ದಿನ ಮುಗಿದ ಕೂಡಲೇ ಆಫೀಸ್ ಮೇಲ್ ಬಂದ್ ಆಗುತ್ತೆ, ಅದರ ಜೊತೆ ನಿಮ್ಮ ಇನ್ವೈಟೂ ಹೋಗುತ್ತೆ. ಹಾಗಾಗಿ ಅವರ ಸ್ವಂತ ನಂಬರ್ ಈಗಲೇ ತಗೊಂಡಿಟ್ಟುಕೊಳ್ಳಿ. ಹೋಟೆಲ್ ಬುಕ್ ಮಾಡೋ ಮುಂಚೆ ಅವರ ಕೊನೇ ದಿನ ಯಾವುದು ಅಂತ ನೋಡಿ. ಅದು 10ನೇ ತಾರೀಖಾಗಿದ್ರೆ ಊಟ 9ಕ್ಕೆ ಇಡಿ.